ಮೂರನೇ ಕೈಯ ರೈಫಲ್: ಏಳು ಫೋಟೋ, ಒಂದು ಲೆಕ್ಕ

ಫೋಟೋ 1: ಸ್ಕ್ರೂ

ಕಳೆದ ವಾರ ರೇಂಜ್‌ನಲ್ಲಿ ತೆಗೆದ ಫೋಟೋ ಹಾಕಿದ ಮೇಲೆ ಒಂದೇ ಪ್ರಶ್ನೆ ಬರ್ತಾ ಇದೆ. "ರೈಫಲ್ ಎಷ್ಟಾಯ್ತು?" ಕ್ಲಾಸಿನವರು, ಎನ್‌ಸಿಸಿ ಜೂನಿಯರ್‌ಗಳು, ಯಾರೋ ಗೊತ್ತಿಲ್ಲದ ಪಿಯುಸಿ ಹುಡುಗರು, ಎಲ್ಲರೂ ಕೇಳಿದ್ದಾರೆ. ಒಂದು ಸಾಲಲ್ಲಿ ಹೇಳಿದರೆ ಸುಳ್ಳಾಗುತ್ತೆ. ಅದಕ್ಕೇ ಏಳು ಫೋಟೋದಲ್ಲಿ ಹೇಳ್ತೀನಿ, ನಿಧಾನಕ್ಕೆ ಓದಿ.

ಮೊದಲೇ ಒಂದು ವಿಷಯ. ಇದು ಹತ್ತು ಮೀಟರ್ ಏರ್ ರೈಫಲ್. ಗಾಳಿಯ ಒತ್ತಡದಿಂದ 4.5 ಮಿಲಿಮೀಟರಿನ ಸೀಸದ ಪೆಲೆಟ್ ಹೋಗುತ್ತೆ. ಒಂದು ಸಲಕ್ಕೆ ಒಂದೇ ಪೆಲೆಟ್, ಪ್ರತಿ ಸಲ ಕೈಯಿಂದಲೇ ಹಾಕಬೇಕು. ಸಿನಿಮಾದಲ್ಲಿ ನೋಡೋ ಹಾಗೆ ಡಬ ಡಬ ಅಂತ ಹೊಡೆಯೋದಲ್ಲ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ .177 ಬೋರ್ ಒಳಗಿನ, 20 ಜೂಲ್ ಮೀರದ ಏರ್ ಗನ್‌ಗೆ ಲೈಸೆನ್ಸ್ ಬೇಡ. ಹಾಗಂತ ಹಿತ್ತಲಲ್ಲಿ ಗುಬ್ಬಿ ಹೊಡೆಯೋಕೆ ಕೊಳ್ಳೋ ಆಲೋಚನೆ ಇದ್ದರೆ ಇಲ್ಲೇ ನಿಲ್ಲಿಸಿ, ಮುಂದಿನ ಫೋಟೋ ನಿಮಗಲ್ಲ.

ಈ ಫೋಟೋದಲ್ಲಿ ಕಾಣೋದು ರೈಫಲ್‌ನ ಸ್ಟಾಕ್ ಮೇಲಿರುವ ಒಂದು ಸ್ಕ್ರೂ. ಇದನ್ನ ಮೊದಲು ನೋಡಿದ್ದು ನಾನಲ್ಲ, ಅಪ್ಪ. ನಮ್ಮದು ಗದಗ ಕಡೆ ಒಂದು ಸಣ್ಣ ಹಿಟ್ಟಿನ ಗಿರಣಿ. ಅಪ್ಪನಿಗೆ ಶೂಟಿಂಗ್ ಅಂದರೆ ಏನಂತ ಗೊತ್ತಿಲ್ಲ, ಹಳೇ ಮಷೀನ್ ಅಂದರೆ ಗೊತ್ತು. ಸೆಕೆಂಡ್ ಹ್ಯಾಂಡ್ ರೈಫಲ್ ನೋಡೋಕೆ ಹೋದಾಗ ಅವರು ಬ್ಯಾರಲ್ ನೋಡಲಿಲ್ಲ, ಕಂಪನಿ ಹೆಸರು ಕೇಳಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ಸ್ಕ್ರೂ ತಲೆಗಳನ್ನ ಒಂದೊಂದಾಗಿ ನೋಡಿದರು. "ನೋಡವಾ, ಇದರ ಹೊಟ್ಟಿ ಎಷ್ಟು ಮಂದಿ ಬಿಚ್ಯಾರ ಅನ್ನೂದು ಸ್ಕ್ರೂ ಹೇಳತಾವ. ಇದನ್ನ ಒಬ್ಬಾಂವ ಬಿಚ್ಯಾನ, ಅದೂ ಸರಿಯಾದ ಪಾನಾ ಹಾಕಿ ಬಿಚ್ಯಾನ." ಮಾರುವವರು ನಕ್ಕರು. ಅದು ಇಬ್ಬರ ಕೈ ದಾಟಿ ಬಂದ ರೈಫಲ್, ನಾನು ಮೂರನೇ ಕೈ.

ಫೋಟೋ 2: ಡೈರಿಯ ಪುಟ

ಅವ್ವನ ಸಂಘದಿಂದ ಸಾಲ 50,000. ಅಪ್ಪ ಎತ್ತಿದ ಚೀಟಿ 45,000. ನಾನು ಎರಡು ವರ್ಷ ಟ್ಯೂಷನ್ ಹೇಳಿ ಕೂಡಿಸಿದ್ದು 25,000. ಒಟ್ಟು ಒಂದು ಲಕ್ಷ ಇಪ್ಪತ್ತು ಸಾವಿರ. ಇದನ್ನ 'ಬಜೆಟ್' ಅಂತ ಕರೆಯೋಕೆ ನನಗೇ ನಾಚಿಕೆ ಆಗುತ್ತೆ, ಯಾಕಂದ್ರೆ ನಮ್ಮ ಮನೇಲಿ ಇಷ್ಟು ದುಡ್ಡು ಒಂದೇ ವಸ್ತುವಿಗೆ ಹೋಗಿದ್ದು ಗಿರಣಿಯ ಮೋಟರ್ ಸುಟ್ಟಾಗ ಮಾತ್ರ. ಆದರೆ ಈ ಆಟದಲ್ಲಿ ಇದು ಕಡಿಮೆ ದುಡ್ಡೇ. ಒಳ್ಳೇ ಜರ್ಮನ್ ಮ್ಯಾಚ್ ರೈಫಲ್ ಹೊಸದು ತಗೊಂಡರೆ ನನ್ನ ಪೂರ್ತಿ ಲೆಕ್ಕ ರೈಫಲ್‌ಗೇ ಸಾಲಲ್ಲ.

ಯಾಕೆ ಬೇಕಿತ್ತು ಅಂತ ಕೇಳ್ತೀರಲ್ಲ. ಎನ್‌ಸಿಸಿ ಕ್ಯಾಂಪಲ್ಲಿ ಮಲಗಿಕೊಂಡು .22 ರೈಫಲ್ ಹೊಡೆದಾಗ ನನ್ನ ಐದು ಗುಂಡು ಒಂದೇ ಕಡೆ ಬಿದ್ದವು. ಆಮೇಲೆ ಕ್ಲಬ್ ರೈಫಲ್‌ನಲ್ಲಿ ಒಂದೂವರೆ ವರ್ಷ. ಕ್ಲಬ್ ರೈಫಲ್ ಅಂದರೆ ಹಾಸ್ಟೆಲ್ ಬಾತ್‌ರೂಮ್ ಇದ್ದ ಹಾಗೆ ಕಣ್ರೀ. ನಿಮಗಿಂತ ಮುಂಚೆ ಆರಡಿ ಹುಡುಗ ಹೊಡೆದಿರ್ತಾನೆ, ಬಟ್ ಪ್ಲೇಟ್ ಅವನ ಭುಜಕ್ಕೆ, ಚೀಕ್ ಪೀಸ್ ಅವನ ಕೆನ್ನೆಗೆ. ನಿಮ್ಮ ಅಳತೆಗೆ ತರೋಷ್ಟರಲ್ಲಿ ಮುಂದಿನವರು ಬಂದು ನಿಂತಿರ್ತಾರೆ.

ಫೋಟೋ 3: ಹತ್ತರ ಚುಕ್ಕೆ

ಪೇಪರ್ ಟಾರ್ಗೆಟ್ ಮೇಲೆ ನನ್ನ ಉಗುರು ಇಟ್ಟು ತೆಗೆದಿದ್ದೀನಿ. ಝೂಮ್ ಮಾಡಿ. ನಡುವಿನ ಆ ಬಿಳಿ ಚುಕ್ಕೆ ಅರ್ಧ ಮಿಲಿಮೀಟರ್. ಪಕ್ಕದ ಒಂದೊಂದು ರಿಂಗ್‌ಗೂ ನಡುವೆ ಇರೋದು ಎರಡೂವರೆ ಮಿಲಿಮೀಟರ್. ರೈಫಲ್‌ನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಅಂತರ ಸುಮಾರು 80 ಸೆಂಟಿಮೀಟರ್ ಇದೆ ಅಂತಿಟ್ಟುಕೊಳ್ಳಿ. ಮುಂದಿನ ಸೈಟ್ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಸರಿದರೆ, ಹತ್ತು ಮೀಟರ್ ದೂರದಲ್ಲಿ ಅದು ಒಂದೂಕಾಲು ಮಿಲಿಮೀಟರ್ ಆಗುತ್ತೆ. ಅಂದರೆ ಅರ್ಧ ರಿಂಗ್ ಹೋಯ್ತು. ಉಸಿರಾಡಿದರೆ ಹೋಯ್ತು. ಹೃದಯ ಬಡಿದರೂ ಹೋಯ್ತು.

ಇದನ್ನ ಹೇಳಿದ್ದು ಯಾಕೆ ಅಂದರೆ, ಯಾವ ಭಾಗಕ್ಕೆ ದುಡ್ಡು ಹಾಕಬೇಕು ಅನ್ನೋದು ಈ ಲೆಕ್ಕದಲ್ಲೇ ಇದೆ. 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಕೊನೇ ಶಾಟ್‌ಗೆ ಬಂದಾಗ ಫಿನ್ಲೆಂಡಿನ ಹೆನ್ರಿ ಹ್ಯಾಕಿನೆನ್ ಜೊತೆ ಸಮ ಇದ್ದರು. ಬಿಂದ್ರಾ 10.8 ಹೊಡೆದರು, ಹ್ಯಾಕಿನೆನ್ 9.7. ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್ ಅರ್ಹತಾ ಸುತ್ತಲ್ಲಿ ನಲವತ್ತಕ್ಕೆ ನಲವತ್ತೂ ಹತ್ತು ಹೊಡೆದು 400/400 ಮಾಡಿದ್ದರು. ನಲವತ್ತು ಸಲ ಆ ಚುಕ್ಕೆ. ಈಗ ಹುಡುಗೀರಿಗೂ ಅರವತ್ತು ಶಾಟ್, ಜೊತೆಗೆ ದಶಮಾಂಶದ ಲೆಕ್ಕ. ಒಂದು ಶಾಟ್‌ಗೆ ಗರಿಷ್ಠ 10.9.

ಫೋಟೋ 4: ಮೇಜಿನ ಮೇಲೆ ಎಲ್ಲವೂ

ಸರಿ, ಬಿಡಿಭಾಗಗಳು.

ರೈಫಲ್ 88,000. ಸ್ಪ್ರಿಂಗ್ ರೈಫಲ್ ಕಡಿಮೆಗೆ ಸಿಗುತ್ತೆ, ಆದರೆ ಟ್ರಿಗರ್ ಒತ್ತಿದ ತಕ್ಷಣ ಒಳಗೆ ಪಿಸ್ಟನ್ ಓಡಿ ರೈಫಲ್ಲೇ ಜಗ್ಗುತ್ತೆ. ಮೊದಲ ಆರು ತಿಂಗಳು ಕಲಿಯೋಕೆ ಅದೂ ಆಗುತ್ತೆ. ನಮ್ಮಲ್ಲಿ ಎನ್‌ಆರ್ ವಿಭಾಗ ಅಂತ ಇದೆಯಲ್ಲ, ಅಲ್ಲಿಂದ ಶುರು ಮಾಡಿದವರೇ ಹೆಚ್ಚು. ಮುಂದೆ ಐಎಸ್‌ಎಸ್‌ಎಫ್ ವಿಭಾಗಕ್ಕೆ ಬರೋ ಮನಸ್ಸಿದ್ದರೆ ಪಿಸಿಪಿ ಬೇಕು. ಅದರ ಸಿಲಿಂಡರ್‌ನಲ್ಲಿ ಮೊದಲೇ 200 ಬಾರ್ ಗಾಳಿ ತುಂಬಿರುತ್ತೆ, ಹೊಡೆದಾಗ ಜಗ್ಗೋದು ಗೊತ್ತೇ ಆಗಲ್ಲ. ನಮ್ಮ ದೇಶದಲ್ಲೇ ತಯಾರಾಗೋ ಪಿಸಿಪಿಗಳೂ ಇವೆ, ಹೊಸದು ಬೇಕು ಅನ್ನೋರು ಮೊದಲು ಅವನ್ನ ಕೈಯಲ್ಲಿ ಹಿಡಿದು ನೋಡಿ.

ಜಾಕೆಟ್, ಪ್ಯಾಂಟ್ ಎರಡೂ ಹಳೇದು, 9,000. ಇಲ್ಲಿ ನಾನು ಗೆದ್ದೆ. ಜಾಕೆಟ್ ಅಂದರೆ ಛಳಿಗಲ್ಲ, ಬೆನ್ನಿಗೆ. ಐದು ಕೆಜಿ ಹಿಡಿದು ಒಂದೂಕಾಲು ತಾಸು ನಿಲ್ಲೋವಾಗ ಸೊಂಟ ಹಿಡಿದುಕೊಳ್ಳುತ್ತೆ. ಆದರೆ ನಿಯಮ ಇದೆ: ಒಂದು ಪದರ 2.5 ಮಿಲಿಮೀಟರ್ ಮೀರಬಾರದು, ತೀರಾ ಗಡುಸಾಗಿಯೂ ಇರಬಾರದು. ಹಳೇ ಜಾಕೆಟ್ ಮೆತ್ತಗಾಗಿರುತ್ತೆ, ಚೆಕಿಂಗ್‌ನಲ್ಲಿ ಸಲೀಸಾಗಿ ಪಾಸ್. ನನಗೆ ಸಿಕ್ಕಿದ್ದು ನನಗಿಂತ ದಪ್ಪ ಇದ್ದವರದು. ನಮ್ಮೂರ ಟೇಲರ್ ಕಾಕಾ ಗುಂಡಿ ಒಳಗೆ ತಂದು ಕೂಡಿಸಿಕೊಟ್ಟರು, ನೂರೈವತ್ತು ರೂಪಾಯಿಗೆ. ಚಪ್ಪಲಿ ಅಂಗಡಿಯವನ ಹಾಗೆ ಮೂಗು ಮುರಿದರು ಬೇರೆ.

ಬೂಟು 4,500. ಗ್ಲವ್ಸ್, ಕಣ್ಣಿನ ಪಟ್ಟಿ ಸೇರಿ ಸಾವಿರ.

ಪೆಲೆಟ್ ಐದು ಡಬ್ಬಿ, 6,000. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ. ಪೆಲೆಟ್ ಮೂತಿ ಚಪ್ಪಟೆ ಇರುತ್ತೆ, ಪೇಪರ್‌ನಲ್ಲಿ ಪಂಚಿಂಗ್ ಮಷೀನ್ ಹಾಗೆ ದುಂಡಗೆ ತೂತು ಬೀಳಲಿ ಅಂತ. ತಲೆಯ ಅಳತೆ 4.49, 4.50, 4.51 ಅಂತ ಬರುತ್ತೆ. ನೂರನೇ ಒಂದು ಭಾಗ, ಏನು ಮಹಾ ಅನ್ನಿಸ್ತು ನನಗೂ. ಕೋಚ್ ರೈಫಲ್‌ನ ಕ್ಲ್ಯಾಂಪ್‌ಗೆ ಬಿಗಿದು ಮೂರು ಥರದ್ದನ್ನೂ ಹತ್ತತ್ತು ಹೊಡೆಸಿದರು. ಒಂದರಲ್ಲಿ ಹತ್ತೂ ಒಂದೇ ತೂತಿನಲ್ಲಿ ಹೋದವು. ಇನ್ನೊಂದರಲ್ಲಿ ತೂತು ಬೀನ್ಸ್ ಬೀಜದ ಹಾಗೆ ಉದ್ದವಾಯ್ತು. ರೈಫಲ್ ಅದೇ, ಗಾಳಿ ಅದೇ, ಮನುಷ್ಯರ ಕೈಯೇ ಇಲ್ಲ. ನನ್ನ ಬ್ಯಾರಲ್‌ಗೆ ಹಿಡಿಸಿದ್ದು ದುಬಾರಿ ಡಬ್ಬಿ ಅಲ್ಲ, ನಡುವಿನದು. ದಯವಿಟ್ಟು ಒಂದೊಂದೇ ಡಬ್ಬಿ ತಂದು ಪರೀಕ್ಷೆ ಮಾಡಿ, ಆಮೇಲೆ ಜಾಸ್ತಿ ಕೊಳ್ಳಿ. ನಾನು ಐದೂ ಒಟ್ಟಿಗೆ ತಂದು ಎರಡನ್ನ ಕ್ಲಬ್‌ನವರಿಗೆ ಕಡಿಮೆಗೆ ಕೊಟ್ಟೆ.

ಮುಂದಿನ ಸೈಟಿನ ರಿಂಗ್: ಚಿಕ್ಕದು ಹಾಕಿದರೆ ಗುರಿ ಚೆನ್ನಾಗಿ ಸಿಗುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಚಿಕ್ಕ ರಿಂಗ್‌ನಲ್ಲಿ ಕಪ್ಪು ವೃತ್ತದ ಸುತ್ತ ಬೆಳಕೇ ಕಾಣಲ್ಲ, ಕಣ್ಣು ಹೆದರುತ್ತೆ, ಬೆರಳು ಟ್ರಿಗರ್ ಮೇಲೇ ಹೆಪ್ಪುಗಟ್ಟುತ್ತೆ. ದೊಡ್ಡ ರಿಂಗ್ ಹಾಕಿದ ದಿನವೇ ಸ್ಕೋರ್ ಏರಿತು. ಅದಕ್ಕೆ ಖರ್ಚಾಗಿದ್ದು ಸೊನ್ನೆ, ರಿಂಗ್ ಪೆಟ್ಟಿಗೆಯಲ್ಲೇ ಇತ್ತು.

ಮತ್ತೆ ತೂಕದ ಸೆಟ್, 3,500. ಬ್ಯಾರಲ್ ತುದಿಗೆ ಹಾಕೋ ಕಬ್ಬಿಣದ ತುಂಡುಗಳು. ದೊಡ್ಡ ಶೂಟರ್‌ಗಳ ಫೋಟೋದಲ್ಲಿ ಕಂಡಿದ್ದಕ್ಕೇ ತಗೊಂಡೆ, ಬೇರೆ ಕಾರಣ ಇಲ್ಲ. ಐದೂವರೆ ಕೆಜಿ ಮಿತಿ ಇದೆ, ನನ್ನದು ಅದರ ಅಂಚಿಗೆ ಬಂತು. ನಲವತ್ತನೇ ಶಾಟ್ ಆದಮೇಲೆ ಎಡ ಸೊಂಟ ಹಿಡಿದುಕೊಂಡಿತು. ಎರಡೇ ವಾರಕ್ಕೆ ಬಿಚ್ಚಿಟ್ಟೆ.

ಕೂಡಿ ನೋಡಿ: 1,12,000. ಕೈಯಲ್ಲಿ ಉಳಿದಿದ್ದು 8,000. ನಾನು ಬಹಳ ಜಾಣೆ ಅಂದುಕೊಂಡೆ.

ಫೋಟೋ 5: ಸಿಲಿಂಡರ್

ಅಪ್ಪ ಎಲ್ಲಾ ಸ್ಕ್ರೂ ನೋಡಿದರು. ನಾನು ಟ್ರಿಗರ್ ನೋಡಿದೆ, ಸೈಟ್ ಕ್ಲಿಕ್ ನೋಡಿದೆ, ಗಾಳಿ ಸೋರುತ್ತಾ ಅಂತ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮೀಟರ್ ನೋಡಿದೆ. ಈ ಫೋಟೋದಲ್ಲಿ ಕಾಣೋ ಸಣ್ಣ ಅಕ್ಷರಗಳನ್ನ ಇಬ್ಬರೂ ನೋಡಲಿಲ್ಲ.

ಸಿಲಿಂಡರ್ ಮೇಲೆ ತಯಾರಾದ ತಿಂಗಳು, ವರ್ಷ ಕೆತ್ತಿರುತ್ತೆ. ನನ್ನದು ಅಲ್ಯೂಮಿನಿಯಂ, ಬಾಳಿಕೆ ಹತ್ತು ವರ್ಷ. ಅವಧಿ ಮುಗಿದ ಸಿಲಿಂಡರ್ ಮ್ಯಾಚ್‌ನಲ್ಲಿ ನಡೆಯಲ್ಲ. ಇದು ಸುಮ್ಮನೆ ಶಿಸ್ತಿನ ವಿಷಯ ಅಲ್ಲ. 200 ಬಾರ್ ಅಂದರೆ ಬೈಕ್ ಟೈರ್‌ನ ಗಾಳಿಗಿಂತ ಸುಮಾರು ನೂರು ಪಟ್ಟು ಒತ್ತಡ, ಅದು ನಮ್ಮ ಮುಖದ ಹತ್ತಿರ ಇರುತ್ತೆ. ನಾನು ತಗೊಂಡಾಗ ಮೂರು ತಿಂಗಳು ಬಾಕಿ ಇತ್ತು. ಮಾರಿದವರಿಗೆ ಗೊತ್ತಿತ್ತಾ? ಗೊತ್ತಿರಬಹುದು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಗೊತ್ತಾಗಿದ್ದು ನನ್ನ ಮೊದಲ ದೊಡ್ಡ ಮೀಟ್‌ನಲ್ಲಿ, ಸಲಕರಣೆ ಚೆಕಿಂಗ್ ಟೇಬಲ್ ಮುಂದೆ. ಅಲ್ಲಿದ್ದ ಸರ್ ಕನ್ನಡಕ ಏರಿಸಿ ಓದಿದರು, ರೈಫಲ್ ವಾಪಸ್ ನನ್ನ ಕಡೆ ಸರಿಸಿದರು. "ಇದು ಮುಗಿದಿದೆಯಮ್ಮ. ಬೇರೆ ಸಿಲಿಂಡರ್ ಇದ್ದರೆ ತಗೊಂಡು ಬಾ." ಅವರದೇನೂ ತಪ್ಪಿಲ್ಲ. ನನ್ನ ಸರದಿಗೆ ಒಂದೂವರೆ ತಾಸು ಬಾಕಿ. ಹೊಸ ಸಿಲಿಂಡರ್ ಬೆಲೆ ಫೋನಲ್ಲಿ ಕೇಳಿದೆ, 17,000. ದುಡ್ಡಿದ್ದರೂ ಅವತ್ತಿಗೆ ಬರುತ್ತಿರಲಿಲ್ಲ ಅನ್ನೋದು ಬೇರೆ ಮಾತು.

ಹೊರಗೆ ಮೆಟ್ಟಿಲ ಮೇಲೆ ಕೂತು ಅತ್ತೆ. ಇದನ್ನ ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಬರೀತಿದೀನಿ, ಯಾಕಂದ್ರೆ ಫೋಟೋದಲ್ಲಿ ನಾವೆಲ್ಲ ನಗ್ತಾ ಇರ್ತೀವಿ.

ಫೋಟೋ 6: ಎರಡು ರೈಫಲ್, ಒಂದೇ ಬೆಂಚು

ಪಕ್ಕದಲ್ಲಿ ನಿಂತಿರೋಳು ಬೇರೆ ಜಿಲ್ಲೆಯವಳು. ಹೆಸರು ಹಾಕಲ್ಲ, ಅವಳಿಗೆ ಇಷ್ಟ ಇಲ್ಲ. ಅವಳ ಮ್ಯಾಚ್ ನನಗಿಂತ ಮುಂಚೆ ಮುಗಿದಿತ್ತು. ಅವಳದೂ ಅದೇ ಕಂಪನಿಯ ರೈಫಲ್, ಸಿಲಿಂಡರ್ ನನ್ನದಕ್ಕೆ ಕೂರುತ್ತೆ. ನಾನು ಕೇಳಿರಲಿಲ್ಲ. ಟೇಬಲ್ ಹತ್ತಿರ ನಡೆದಿದ್ದನ್ನ ನೋಡಿದ್ದಳಂತೆ. ತನ್ನದನ್ನ ಬಿಚ್ಚಿ, ಮತ್ತೆ ಗಾಳಿ ತುಂಬಿಸಿ ತಂದು ಮಡಿಲಲ್ಲಿಟ್ಟಳು. "ಅಳೋದು ಆಮೇಲೆ ಅಳ್ರೀ, ಮೊದಲು ಚೆಕಿಂಗ್ ಮುಗಿಸ್ಕೊಂಡು ಬರ್ರಿ." ನಾವಿಬ್ಬರೂ ಒಂದೇ ಪಟ್ಟಿಯಲ್ಲಿ ಸ್ಥಾನಕ್ಕೆ ಕಾಯ್ತಿದ್ದವರು ಅನ್ನೋದನ್ನ ಮರೀಬೇಡಿ.

598.7 ಹೊಡೆದೆ. ಪ್ರಾಕ್ಟೀಸ್‌ನಲ್ಲಿ 607 ಬರ್ತಿತ್ತು. ಮುಂದಿನ ಹಂತಕ್ಕೆ ಸಾಲಲಿಲ್ಲ. ಅವಳು ಹೋದಳು. ಸಿಲಿಂಡರ್‌ನಿಂದ ಕಡಿಮೆ ಬಂತು ಅಂತ ಹೇಳಲ್ಲ. ಮೊದಲ ಹತ್ತು ಶಾಟ್‌ಗಳಲ್ಲಿ ನನ್ನ ಕೈ ನಡುಗಿದ್ದಕ್ಕೆ ಬಂತು. ರಿಯೋದಲ್ಲಿ ಬಿಂದ್ರಾ ಅವರ ಸೈಟ್ ಸ್ಪರ್ಧೆಯ ದಿನವೇ ಮುರಿದಿತ್ತು, ಬೇರೆ ಹಾಕಿಕೊಂಡು ನಾಲ್ಕನೇ ಸ್ಥಾನಕ್ಕೆ ಬಂದರು. ಅವತ್ತು ರಾತ್ರಿ ಬಸ್ಸಲ್ಲಿ ಅದನ್ನೇ ನೆನೆಸಿಕೊಳ್ತಿದ್ದೆ. ಸಮಾಧಾನ ಆಗಲಿಲ್ಲ. ಕಂಡಕ್ಟರ್ ಉದ್ದ ಪೆಟ್ಟಿಗೆ ನೋಡಿ "ಕೀಬೋರ್ಡ್ ಏನ್ರೀ?" ಅಂತ ಕೇಳಿ ಲಗೇಜ್ ಟಿಕೆಟ್ ಹರಿದರು. ಹೌದು ಅಂದುಬಿಟ್ಟೆ. (ನೀವು ಹಾಗನ್ನಬೇಡಿ. ಬಿಲ್ಲು, ಕ್ಲಬ್ ಐಡಿ ಜೊತೆಗಿಟ್ಟುಕೊಂಡು ನಿಜ ಹೇಳಿ.)

ಫೋಟೋ 7: ಅವ್ವನ ಪಾಸ್‌ಬುಕ್

9,000 ಕಡಿಮೆ ಬಿದ್ದಿದ್ದನ್ನ ಮನೇಲಿ ಹೇಳೋಕೆ ಹದಿನೈದು ದಿನ ತಗೊಂಡೆ. ಅಪ್ಪ ಬೈಯಲಿಲ್ಲ. ಪಾಪ, ಅವರಿಗೆ ತಮ್ಮ ಮೇಲೇ ಸಿಟ್ಟು. "ಸ್ಕ್ರೂ ನೋಡಿದೆ, ಟಾಕಿ ನೋಡಲಿಲ್ಲಲ್ಲವಾ ನಾ." ಗ್ಯಾಸ್ ಸಿಲಿಂಡರ್ ತಗೊಳ್ಳೋವಾಗ ತಾರೀಖು ನೋಡೇ ಒಳಗೆ ಬಿಡೋ ಮನುಷ್ಯ ಅವರು.

ಅವ್ವ ಪ್ರತಿ ಮಂಗಳವಾರ ಸಂಘಕ್ಕೆ ಕಂತು ಕಟ್ಟೋಕೆ ಹೋಗ್ತಾಳೆ. ಅಲ್ಲಿ ಹೆಂಗಸರು ಕೇಳ್ತಾರಂತೆ, "ಮಗಳು ಬಂದೂಕು ತಗೊಂಡು ಏನ್ ಮಾಡತಾಳ್ರೀ?" ಅವ್ವ ಮೊದಮೊದಲು ಏನೋ ಹೇಳಿ ತೇಲಿಸ್ತಿದ್ದಳು. 2024ರಲ್ಲಿ ಪ್ಯಾರಿಸ್‌ನಲ್ಲಿ ಕೊಲ್ಲಾಪುರ ಕಡೆಯ ಸ್ವಪ್ನಿಲ್ ಕುಸಾಳೆ ರೈಫಲ್‌ನಲ್ಲಿ ಕಂಚು ಗೆದ್ದರಲ್ಲ, ರೈಲ್ವೆಯಲ್ಲಿ ಟಿಸಿ ಆಗಿದ್ದವರು. ನಾನೇ ಆ ಸುದ್ದಿ ತೋರಿಸಿದ್ದೆ. ಈಗ ಅವ್ವನ ಉತ್ತರ ಒಂದೇ: "ರೈಲ್ವೇದಾಗ ನೌಕರಿ ಸಿಗತೈತಿ." ನಾನು ತಿದ್ದಲು ಹೋಗಿಲ್ಲ.

ಹೊಸ ಸಿಲಿಂಡರ್ ದೀಪಾವಳಿ ಹೊತ್ತಿಗೆ ಬಂತು. ಮತ್ತೆ ಟ್ಯೂಷನ್ ಶುರು ಮಾಡಿದೆ, ಏಳನೇ ಕ್ಲಾಸಿನ ಆರು ಮಕ್ಕಳು. ಸಂಜೆ ಅವರು ಹೋದಮೇಲೆ ಗೋಡೆ ಮೇಲೆ ಚುಕ್ಕೆ ಇಟ್ಟು ಅರ್ಧ ತಾಸು ಡ್ರೈ ಫೈರ್. ಪೆಲೆಟ್ ಇಲ್ಲ, ಗಾಳಿ ಇಲ್ಲ, ಟ್ರಿಗರ್ ಮಾತ್ರ. ನನ್ನ ರೈಫಲ್‌ನಲ್ಲಿ ಅದಕ್ಕೇ ಅಂತ ಒಂದು ಸೆಟ್ಟಿಂಗ್ ಇದೆ. ಸ್ಪ್ರಿಂಗ್ ರೈಫಲ್ ಇರೋರು ಖಾಲಿ ಹೊಡೆಯಬೇಡಿ, ಪಿಸ್ಟನ್ ಹಾಳಾಗುತ್ತೆ. ಖಾಲಿ ಇದ್ದರೂ ಯಾರ ಕಡೆಗೂ ಮೂತಿ ತಿರುಗಿಸಬೇಡಿ, ತಮಾಷೆಗೂ ಬೇಡ.

ಸಂಘದ ಸಾಲ ಇನ್ನೂ ಹನ್ನೊಂದು ಕಂತು ಇದೆ. ಮುಂದಿನ ಮೀಟ್‌ಗೆ ಏಳು ವಾರ.

ಆ ತೂಕದ ಸೆಟ್ ಮಾರಾಟಕ್ಕಿದೆ. 3,500 ಕೊಟ್ಟಿದ್ದು, 2,000ಕ್ಕೆ ಬಿಡ್ತೀನಿ. ಮೊದಲ ವರ್ಷದವರು ಕೇಳಬೇಡಿ, ನಿಮಗೆ ಕೊಡಲ್ಲ.