ಕಲ್ಪವೃಕ್ಷದ ಸೀಮೆಯಲ್ಲಿ ಯಂತ್ರಗಳ ಮಾತು

ಚಿಕ್ಕನಾಯಕನಹಳ್ಳಿ, ತುರುವೇಕೆರೆ, ತಿಪಟೂರು ತಾಲ್ಲೂಕುಗಳಲ್ಲಿ ಸಂಚರಿಸುವವರಿಗೆ ದಾರಿಯುದ್ದಕ್ಕೂ ತೆಂಗಿನ ತೋಟಗಳೇ ಜೊತೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯು, ಅಲುಗಾಡಿಸಿದರೆ ಒಳಗೆ ಗುಡುಗುಡು ಎನ್ನುವ ಉಂಡೆಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಬರುವುದು. ಹಿಂದೆ ಸೀಮೆಗೊಂದು ಮಣ, ಊರಿಗೊಂದು ಸೇರು ಇದ್ದಾಗ ವ್ಯಾಪಾರದಲ್ಲಿ ತಕರಾರಿಗೆ ಎಡೆಯಿತ್ತು. 1956ರ ಶಾಸನವು ದೇಶಕ್ಕೆಲ್ಲ ಒಂದೇ ತೂಕವನ್ನು ವಿಧಿಸಿತು. ಇಂತಹ ಏಕಮಾನವು ಕೊಬ್ಬರಿಗೆ ಮಾತ್ರವಲ್ಲ, ಯುದ್ಧವಿದ್ಯೆಗೂ ಬೇಕಾಗಿದೆ.

ತಿಪಟೂರಿನಿಂದ ರೈಲಿನಲ್ಲಿ ಪೂರ್ವಕ್ಕೆ ಹೊರಟರೆ ಬಾಣಸಂದ್ರ, ಅಮ್ಮಸಂದ್ರ, ನಿಟ್ಟೂರುಗಳನ್ನು ದಾಟಿ ಗುಬ್ಬಿ ಸಿಕ್ಕುವುದು. ಆ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆ ನೆಲದಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡಿತು. ಇದೇ ಸಂಸ್ಥೆಯು ಕೆನಡಾದ ಸಿಎಇಯೊಡನೆ ಕೂಡಿ ಬೆಂಗಳೂರಿನಲ್ಲಿ ಹ್ಯಾಟ್ಸಾಫ್ ಎಂಬ ಶಾಲೆಯನ್ನು ಸ್ಥಾಪಿಸಿತು. ನೆಲ ಬಿಡದೆಯೇ ಹೆಲಿಕಾಪ್ಟರ್ ನಡೆಸುವುದನ್ನು ಕಲಿಸುವ ಶಾಲೆಯದು. ಸಿಮ್ಯುಲೇಟರ್ ಎಂಬ ಅನುಕರಣಯಂತ್ರದಲ್ಲಿ ಎಂಜಿನ್ನು ನಿಂತರೂ ಪ್ರಾಣಹಾನಿಯಿಲ್ಲ.

ಆದರೆ ರಣರಂಗದಲ್ಲಿ ಒಬ್ಬನೇ ಹೋರಾಡುವನೆ? ವಿಮಾನಿಕನೂ ಟ್ಯಾಂಕಿನವನೂ ಒಟ್ಟಿಗೆ ಅಭ್ಯಾಸ ಮಾಡಬೇಕಾದರೆ ಅವರ ಯಂತ್ರಗಳಿಗೆ ಸಮಾನವಾದ ಭಾಷೆ ಇರಬೇಕು. ಅಮೆರಿಕದಲ್ಲಿ 1983ರಲ್ಲಿ ಮೊದಲಾದ ಸಿಮ್‌ನೆಟ್ ಯೋಜನೆಯು ದೂರದೂರದ ಟ್ಯಾಂಕ್ ಸಿಮ್ಯುಲೇಟರುಗಳನ್ನು ಬೆಸೆಯಿತು. ಅದರಿಂದ ಬೆಳೆದ ಭಾಷೆ 1993ರಲ್ಲಿ ಐಇಇಇ 1278 ಎಂಬ ಮಾನಕವಾಯಿತು. 2000ದಲ್ಲಿ 1516 ಎಂಬ ಇನ್ನೊಂದು ಮಾನಕ ಬಂದಿತು.

ಐಇಇಇ 1278ರ ಒಂದು ಜಾಣ್ಮೆಯನ್ನು ವಾಚಕರು ಗಮನಿಸಬೇಕು. ಮಗನು ತುರುವೇಕೆರೆಯಿಂದ ತಿಪಟೂರಿಗೆ ಹೊರಟನೆಂದರೆ, ಈಗ ಎಲ್ಲಿರಬಹುದೆಂದು ಮನೆಯವರು ತಾವೇ ಎಣಿಸಿಕೊಳ್ಳುವರು. ದಾರಿ ಬದಲಾದರೆ ಮಾತ್ರ ಅವನು ತಿಳಿಸಿದರೆ ಸಾಕು. ಹಾಗೆಯೇ ಪ್ರತಿಯೊಂದು ಯಂತ್ರವೂ ಉಳಿದವುಗಳ ಕೊನೆಯ ನೆಲೆ, ವೇಗ, ದಿಕ್ಕುಗಳಿಂದ ಅವುಗಳ ಸ್ಥಾನವನ್ನು ಲೆಕ್ಕಹಾಕುವುದು. ತನ್ನ ನಡೆ ಆ ಲೆಕ್ಕವನ್ನು ಮೀರಿದಾಗ ಕೂಡಲೇ ಸುದ್ದಿ ಕಳುಹಿಸುವುದು. ಇಲ್ಲವಾದರೆ ಆಗೊಮ್ಮೆ ಈಗೊಮ್ಮೆ ಇರವನ್ನು ತಿಳಿಸಿ ಸುಮ್ಮನಿರುವುದು.

ಭಾಷೆಯೊಂದೇ ಇದ್ದರೂ ಸಾಲದು, ನೆಲದ ಚಿತ್ರವೂ ಒಂದೇ ಆಗಿರಬೇಕು. ವಿಮಾನಿಕನ ತೆರೆಯಲ್ಲಿ ತೆಂಗಿನ ತೋಪಿದ್ದು, ಟ್ಯಾಂಕಿನವನ ತೆರೆಯಲ್ಲಿ ಬಯಲಿದ್ದರೆ ಗತಿಯೇನು? ಮರೆಯಲ್ಲಿದ್ದೇನೆಂದು ಒಬ್ಬನು ನಂಬಿರುವನು. ಇನ್ನೊಬ್ಬನಿಗೆ ಅವನು ಎದುರಿಗೇ ಕಾಣುವನು. ಕೋಣೆಯಲ್ಲಿ ಕಲಿತ ಈ ಸುಳ್ಳು ಪಾಠಕ್ಕೆ ರಣರಂಗದಲ್ಲಿ ತೆರಬೇಕಾದ ಬೆಲೆ ಪ್ರಾಣವೇ. ಮಕ್ಕಳನ್ನು ಸೇನೆಗೆ ಕಳುಹಿಸಿರುವ ಮನೆಗಳಿಗೆ ಈ ಮಾನಕಗಳು ಬರಿಯ ಅಂಕಿಗಳಲ್ಲ. ತಕ್ಕಡಿ ಸರಿಯಿಲ್ಲದಿದ್ದರೆ ನಷ್ಟವಾಗುವುದು ಹಣ. ಇಲ್ಲಿ ಅಳತೆ ತಪ್ಪಿದರೆ ಮನೆಯ ದೀಪವೇ ನಂದೀತು.