ರಾತ್ರಿ ಎಷ್ಟು ದಿಂಬು?

“ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಮ್ಮಾ?” ಹೃದಯದ ಡಾಕ್ಟರು ಕೇಳುವ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ಹೃದಯದ ಬಲ ಕುಂದಿ ಶ್ವಾಸಕೋಶದಲ್ಲಿ ನೀರು ತುಂಬತೊಡಗಿದರೆ ಅಂಗಾತ ಮಲಗಲಾಗುವುದಿಲ್ಲ, ಉಸಿರು ಕಟ್ಟುತ್ತದೆ. ಒಂದು ದಿಂಬು ಎರಡಾಗುತ್ತದೆ, ಎರಡು ಮೂರಾಗುತ್ತದೆ, ಕಡೆಗೆ ಕುರ್ಚಿಯಲ್ಲೇ ಬೆಳಗಾಗುತ್ತದೆ.

ಹೀಗೆ ಹೃದಯದ ಬಲ ಕುಂದುವ ಹಾರ್ಟ್ ಫೇಲ್ಯೂರ್‌ಗೆ ಇಂದಿಗೂ ಬಳಸುವ ನಾಲ್ಕು ದರ್ಜೆಗಳು ನ್ಯೂಯಾರ್ಕ್ ಹಾರ್ಟ್ ಅಸೋಸಿಯೇಷನ್ 1928ರಲ್ಲಿ ಮಾಡಿದ ವಿಂಗಡಣೆ. ಎಕೋ ಪರೀಕ್ಷೆ ಇನ್ನೂ ಹುಟ್ಟಿರದ ಆ ಕಾಲದಲ್ಲಿ ರೋಗಿಯ ಮಾತನ್ನೇ ನಂಬಬೇಕಿತ್ತು. ದಿನನಿತ್ಯದ ಕೆಲಸಕ್ಕೆ ಏನೂ ತೊಂದರೆಯಿಲ್ಲದಿದ್ದರೆ ಒಂದನೇ ದರ್ಜೆ. ಮೆಟ್ಟಿಲು ಹತ್ತಿದರೆ ಏದುಸಿರು ಬಂದರೆ ಎರಡನೆಯದು. ಸ್ನಾನ ಮಾಡಿ ಸೀರೆ ಉಡುವಷ್ಟಕ್ಕೇ ಸುಸ್ತಾದರೆ ಮೂರನೆಯದು. ಸುಮ್ಮನೆ ಕೂತಾಗಲೂ ಉಸಿರಿಗೆ ಒದ್ದಾಡಿದರೆ ನಾಲ್ಕನೆಯದು.

ಮೈಸೂರಿನ ನಮ್ಮ ದೊಡ್ಡಮ್ಮ ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದವರು. ಒಂದು ಆಷಾಢದಲ್ಲಿ ನಂದಿಯವರೆಗೆ ಹತ್ತಿ ಅಲ್ಲೇ ಕೂತರು. ಮರುವರ್ಷ ಬಸ್ಸು. ಆಮೇಲೆ ಮಹಡಿಯ ಮೇಲೆ ಹಪ್ಪಳ ಒಣಗಿಸುವುದೂ ನಿಂತಿತು. ಡಾಕ್ಟರು ಕೇಳಿದರೆ, “ಏದುಸಿರೇ? ಹಾಗೇನೂ ಇಲ್ಲಪ್ಪ” ಎಂದರು. ಸುಳ್ಳು ಹೇಳಲಿಲ್ಲ. ಏದುಸಿರು ಬರಿಸುವ ಕೆಲಸಗಳನ್ನೆಲ್ಲ ಒಂದೊಂದಾಗಿ ಬಿಟ್ಟುಬಿಟ್ಟಿದ್ದರು, ಅಷ್ಟೆ. ಸೊಸೆ ಮೆಲ್ಲಗೆ ದಿಂಬಿನ ಸಂಗತಿ ಎತ್ತಿದ ಮೇಲೆ ಅವರು ಮೂರನೇ ದರ್ಜೆಯಲ್ಲಿದ್ದಾರೆಂದು ತಿಳಿಯಿತು.

ಎಕೋ ವರದಿಯಲ್ಲಿ ಎಜೆಕ್ಷನ್ ಫ್ರ್ಯಾಕ್ಷನ್ ಎಂಬ ಅಂಕಿ ಇರುತ್ತದೆ. ಒಂದೊಂದು ಬಡಿತಕ್ಕೂ ಹೃದಯದ ಎಡ ಕೆಳಕೋಣೆ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರದೂಡುತ್ತದೆ ಎಂಬ ಲೆಕ್ಕ ಅದು. 40 ಅಥವಾ ಅದಕ್ಕಿಂತ ಕಡಿಮೆಯಾದರೆ ಕುಗ್ಗಿದೆ ಎನ್ನುತ್ತಾರೆ. ಮನೆಮಂದಿ ಆ ಅಂಕಿಯನ್ನೇ ಹಿಡಿದು ಕೊರಗುತ್ತಾರೆ. ಆದರೆ 35 ಇದ್ದೂ ಓಡಾಡಿಕೊಂಡಿರುವವರಿದ್ದಾರೆ, 50 ದಾಟಿದ್ದರೂ ಹಾಸಿಗೆ ಬಿಟ್ಟೇಳಲಾರದವರಿದ್ದಾರೆ. ಆ ನಾಲ್ಕು ದರ್ಜೆಗಳ ಜೊತೆಗೆ ಅಮೆರಿಕದ ಹೃದ್ರೋಗ ತಜ್ಞರು 2001ರಲ್ಲಿ, ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ತಿಳಿಸುವ ಎ, ಬಿ, ಸಿ, ಡಿ ಎಂಬ ಹಂತಗಳನ್ನೂ ಸೇರಿಸಿದರು. ಹಂತದಲ್ಲಿ ಮುಂದೆ ಹೋದವರು ಹಿಂದೆ ಬರುವುದಿಲ್ಲ, ದರ್ಜೆಯಲ್ಲಿ ಬರಬಹುದು. ಮಾತ್ರೆ ತಪ್ಪಿಸದೆ, ಉಪ್ಪು ಕಡಿಮೆ ಮಾಡಿ ದೊಡ್ಡಮ್ಮ ಎರಡಕ್ಕೆ ಮರಳಿದರು. “ಮೂರಂತೆ” ಎಂದು ಮನೆಯಲ್ಲಿ ಅತ್ತದ್ದು ಅವಸರವಾಯಿತು.

ನಿಮ್ಮ ಮನೆಯ ಹಿರಿಯರನ್ನು ಡಾಕ್ಟರ ಬಳಿ ಕರೆದೊಯ್ಯುವಾಗ, ಈಚೆಗೆ ಅವರು ಯಾವ ಯಾವ ಕೆಲಸ ಬಿಟ್ಟಿದ್ದಾರೆಂದು ನೀವೇ ಹೇಳಿ. ಕಾಯಿಲೆ ಗೊತ್ತಾದ ಮೇಲೆ ದಿನಾ ಬೆಳಿಗ್ಗೆ ತೂಕ ನೋಡಿ. ಮೂರು ದಿನದೊಳಗೆ ಎರಡು ಕಿಲೋ ಏರಿದರೆ, ಪಾದ ಊದಿದರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ಫೋನ್ ಮಾಡಿ.