ಮಂಗನ ಕಾಯಿಲೆಯ ಗುರುತುಗಳು

ಇಂಥ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಪಾಲಿಗೆ ಬರುವ ಪುಟಗಳಲ್ಲಿ ಕಟ್ಟಡಗಳ ವೃತ್ತಾಂತವನ್ನೂ ಪರೀಕ್ಷೆಯ ಫಲಿತಾಂಶವನ್ನೂ ಬರೆಯುವುದು ವಾಡಿಕೆ. ಈ ಬಾರಿ ಆ ಪುಟಗಳನ್ನು ಒಂದು ಜ್ವರದ ವಿಷಯಕ್ಕೆ ಮೀಸಲಿಡಲು ತಮ್ಮ ಅಪ್ಪಣೆಯನ್ನು ಬೇಡುತ್ತೇವೆ. ಇದಕ್ಕೆ ಕಾರಣವುಂಟು. ನಮ್ಮ ಬಾಲಕಿಯರಲ್ಲಿ ಅನೇಕರು ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಸೀಮೆಯ ಕಾಡಂಚಿನ ಮನೆಗಳಿಂದ ಬಂದವರು. ಕ್ರಿಸ್‌ಮಸ್ ರಜೆಗೆ ಅವರು ಊರಿಗೆ ಹೊರಡುವ ಕಾಲವೂ ಮಂಗನ ಕಾಯಿಲೆ ತಲೆಯೆತ್ತುವ ಕಾಲವೂ ಒಂದೇ ಆಗಿರುತ್ತದೆ. ಹತ್ತನೆಯ ತರಗತಿಯವರು ಪರೀಕ್ಷೆಗೆ ಓದುವ ತಿಂಗಳುಗಳೇ ಈ ವ್ಯಾಧಿ ಹೆಚ್ಚಾಗಿ ಕಾಣಿಸುವ ತಿಂಗಳುಗಳು. ಅದಲ್ಲದೆ, ಮನೆಯಲ್ಲಿ ಒಬ್ಬರ ಮೈ ಬಿಸಿಯಾದರೆ ಅದನ್ನು ಮೊದಲು ಕೈಯಿಟ್ಟು ನೋಡುವವರು ತಾಯಂದಿರೂ ಹೆಣ್ಣುಮಕ್ಕಳೂ ಅಲ್ಲವೇ? ಆದಕಾರಣ ಅವರಿಗೆ ತಿಳಿದಿರುವುದೇ ಮೊದಲನೆಯ ಔಷಧವೆಂದು ನಾವು ನಂಬಿದ್ದೇವೆ.

ಈ ರೋಗವು ಲೋಕಕ್ಕೆ ತಿಳಿದುಬಂದದ್ದು ನಮ್ಮ ಜಿಲ್ಲೆಯಲ್ಲಿಯೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತಲಿನ ಹಳ್ಳಿಗಳಲ್ಲಿ ಜನರು ಕಠಿಣವಾದ ಜ್ವರದಿಂದ ಮಲಗಿದರು. ಅದೇ ಕಾಲದಲ್ಲಿ ಕಾಡಿನಲ್ಲಿ ಮಂಗಗಳೂ ಸತ್ತು ಬೀಳುತ್ತಿದ್ದವು. ದಕ್ಷಿಣ ಅಮೇರಿಕದಲ್ಲಿ ಹಳದಿ ಜ್ವರವು ಹಬ್ಬುವಾಗ ಹೀಗೆ ಕೋತಿಗಳು ಸಾಯುವುದುಂಟು. ಏಷ್ಯಾ ಖಂಡದಲ್ಲಿ ಎಂದೂ ಕಾಣದಿದ್ದ ಆ ಜ್ವರ ಇಲ್ಲಿಗೆ ಬಂದಿತೋ ಎಂದು ತಜ್ಞರು ಕಳವಳಗೊಂಡರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫರ್ಡ್ ವರ್ಕ್ ಮತ್ತು ಅವರ ಸಂಗಡಿಗರು ಬಂದು ಪರೀಕ್ಷಿಸಲಾಗಿ, ಇದು ಹಳದಿ ಜ್ವರವಲ್ಲ, ರಷ್ಯಾ ದೇಶದಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಸಮೀಪ ಸಂಬಂಧವುಳ್ಳ ಹೊಸತೊಂದು ವೈರಸ್ ಎಂಬುದು ಗೊತ್ತಾಯಿತು. ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆಯೆಂಬ ಹೆಸರಾಯಿತು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆಯಾಗಿಯೇ ಉಳಿದಿದೆ.

ಈ ಹೆಸರಿನಿಂದ ಮಂಗವೇ ಅಪರಾಧಿಯೆಂದು ಕೆಲವರು ತಿಳಿಯುತ್ತಾರೆ. ವಾಸ್ತವದಲ್ಲಿ ಅದೂ ನಮ್ಮಂತೆ ರೋಗಕ್ಕೆ ಬಲಿಯಾಗುವ ಪ್ರಾಣಿ. ರೋಗವನ್ನು ಹೊತ್ತು ತಿರುಗುವುದು ಉಣುಗು; ಬಯಲು ಸೀಮೆಯವರು ಉಣ್ಣೆಯೆನ್ನುವುದೂ ಇದನ್ನೇ. ಕಾಡಿನ ಇಲಿ, ಮೂಗಿಲಿ ಮೊದಲಾದ ಸಣ್ಣ ಪ್ರಾಣಿಗಳ ಮೈಯಲ್ಲಿ ಉಣುಗಿನ ಮರಿಗಳು ರಕ್ತ ಕುಡಿದು ಬೆಳೆಯುತ್ತವೆ. ಬಲಿತವು ಕಾಡಿಗೆ ಮೇಯಲು ಹೋಗುವ ದನಗಳ ಮೈ ಹತ್ತುತ್ತವೆ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ನಡುವಣ ಪ್ರಾಯದ ಉಣುಗು. ಮಳೆಗಾಲ ಕಳೆದು ನೆಲ ಒಣಗಿದ ಮೇಲೆ ಇವು ತರಗೆಲೆಗಳ ನಡುವೆ ತುಂಬಿಕೊಳ್ಳುತ್ತವೆ. ಆದ್ದರಿಂದಲೇ ಡಿಸೆಂಬರಿನಿಂದ ಮೇ ತಿಂಗಳವರೆಗೆ ಈ ರೋಗದ ಕಾಲವೆಂದು ಎಣಿಸುತ್ತಾರೆ. ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸುವವರು, ಸೌದೆ ತರುವವರು, ದನ ಕಾಯುವವರು, ಸೊಪ್ಪಿನ ಬೆಟ್ಟಕ್ಕೆ ಹೋಗುವವರು ಇದಕ್ಕೆ ಮೊದಲು ಸಿಕ್ಕುತ್ತಾರೆ. ಈ ಕೆಲಸಗಳಲ್ಲಿ ಹೆಚ್ಚಿನ ಪಾಲು ಹೆಂಗಸರದೆಂಬುದನ್ನು ಮಲೆನಾಡಿನವರಿಗೆ ನಾವು ಹೇಳಬೇಕಾದುದಿಲ್ಲ.

ಇನ್ನು ಗುರುತುಗಳನ್ನು ಕುರಿತು ಹೇಳುವೆವು. ಉಣುಗು ಕಚ್ಚಿದ ಸುಮಾರು ಮೂರರಿಂದ ಎಂಟು ದಿನಗಳಲ್ಲಿ ಜ್ವರವು ಮೆಲ್ಲನೆ ಅಲ್ಲ, ಒಮ್ಮೆಗೇ ಏರುತ್ತದೆ. ಬೆಳಿಗ್ಗೆ ಗದ್ದೆಗೆ ಹೋದವರು ಸಂಜೆಗೆ ಚಳಿಯಿಂದ ನಡುಗುತ್ತ ಮಲಗುವುದುಂಟು. ಹಣೆಯ ಭಾಗದಲ್ಲಿ ಬಲವಾದ ತಲೆನೋವು, ಕುತ್ತಿಗೆಯ ಹಿಂಭಾಗ, ಸೊಂಟ, ಮೀನಖಂಡ ಇವುಗಳಲ್ಲಿ ಹೊರಳಲಾರದಷ್ಟು ನೋವು, ಕಣ್ಣು ಕೆಂಪಗಾಗುವುದು, ವಾಂತಿ, ಕೆಲವರಿಗೆ ಭೇದಿ, ಎದ್ದು ಕೂಡಲೂ ಆಗದಂಥ ನಿತ್ರಾಣ. ಕೆಲವರ ಬಾಯೊಳಗೆ ಮೇಲಣ ಅಂಗಳದಲ್ಲಿ ಸಣ್ಣ ಗುಳ್ಳೆಗಳು ಕಾಣುತ್ತವೆ. ಕೆಲವು ದಿನಗಳ ನಂತರ ಕೆಲವರಿಗೆ ವಸಡಿನಿಂದಲೂ ಮೂಗಿನಿಂದಲೂ ರಕ್ತ ಒಸರುವುದು, ಮಲ ಕಪ್ಪಾಗುವುದು, ರಕ್ತದ ಒತ್ತಡ ಇಳಿಯುವುದು, ಇಂಥ ಅಪಾಯದ ಚಿಹ್ನೆಗಳು ತೋರುತ್ತವೆ. ರಕ್ತವನ್ನು ಪರೀಕ್ಷಿಸಿದರೆ ಪ್ಲೇಟ್‌ಲೆಟ್ಟುಗಳೂ ಬಿಳಿಯ ರಕ್ತಕಣಗಳೂ ಕಡಮೆಯಾಗಿರುತ್ತವೆ.

ಇವುಗಳಲ್ಲಿ ಯಾವುದೊಂದು ಗುರುತೂ ಈ ರೋಗಕ್ಕೆ ಮಾತ್ರ ಸೇರಿದುದಲ್ಲ. ಡೆಂಗಿಯಲ್ಲಿಯೂ ಇಲಿ ಜ್ವರದಲ್ಲಿಯೂ ತಲೆನೋವು, ಮೈನೋವು, ಕೆಂಪುಕಣ್ಣು ಇರುತ್ತವೆ. ಆದಕಾರಣ ರೋಗಿಯ ಮೈಯನ್ನು ನೋಡಿದಷ್ಟೇ ಜಾಗ್ರತೆಯಿಂದ ಅವರ ಹಿಂದಿನ ಹತ್ತು ದಿನಗಳನ್ನೂ ನೋಡಬೇಕು. ನಮ್ಮ ಬಾಲಕಿಯರಿಗೆ ನಾವು ನಾಲ್ಕು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿದ್ದೇವೆ. ಈಗ ಯಾವ ತಿಂಗಳು? ಜ್ವರ ಬಂದವರು ಕಾಡಿಗಾಗಲಿ ಬೆಟ್ಟಕ್ಕಾಗಲಿ ಹೋಗಿದ್ದರೇ, ಇಲ್ಲವೆ ಕಾಡಿನಿಂದ ತಂದ ತರಗೆಲೆಯನ್ನು ಮುಟ್ಟಿದ್ದರೇ? ಊರಿನ ಸುತ್ತ ಮಂಗ ಸತ್ತ ಸುದ್ದಿಯುಂಟೇ? ನೆರೆಹೊರೆಯಲ್ಲಿ ಇಂಥದೇ ಜ್ವರ ಯಾರಿಗಾದರೂ ಬಂದಿದೆಯೇ? ಇವುಗಳ ಉತ್ತರವನ್ನು ವೈದ್ಯರು ಕೇಳುವ ಮೊದಲೇ ಅವರಿಗೆ ಹೇಳತಕ್ಕದ್ದು. ಉಣುಗು ಕಚ್ಚಿದೆಯೇ ಎಂಬ ಪ್ರಶ್ನೆಯನ್ನು ನಾವು ಬೇಕೆಂದೇ ಈ ನಾಲ್ಕರಲ್ಲಿ ಸೇರಿಸಲಿಲ್ಲ. ಕಚ್ಚುವ ಉಣುಗು ಬಹು ಸಣ್ಣದು. ಕಚ್ಚಿದ್ದು ಅನೇಕರಿಗೆ ತಿಳಿಯುವುದೇ ಇಲ್ಲ. ಕಚ್ಚಿದ ನೆನಪಿಲ್ಲವೆಂಬ ಕಾರಣದಿಂದ ರೋಗವಿಲ್ಲವೆಂದು ತೀರ್ಮಾನಿಸಕೂಡದು.

ಈ ವ್ಯಾಧಿಯಲ್ಲಿ ಎಲ್ಲರೂ ಅರಿಯಬೇಕಾದ ಇನ್ನೊಂದು ವಿಶೇಷವಿದೆ. ಹೆಚ್ಚಿನವರಿಗೆ ಒಂದೆರಡು ವಾರಗಳಲ್ಲಿ ಜ್ವರ ಬಿಟ್ಟು ಗುಣವಾಗುತ್ತದೆ. ಆದರೆ ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ, ಒಂದೆರಡು ವಾರ ನೆಮ್ಮದಿಯಾಗಿದ್ದು, ಮೂರನೆಯ ವಾರದ ಹೊತ್ತಿಗೆ ಮರಳಿ ಜ್ವರ ಬರುತ್ತದೆ. ಆಗ ತೀವ್ರವಾದ ತಲೆನೋವು, ಕುತ್ತಿಗೆ ಸೆಡೆತ, ಕೈ ನಡುಕ, ದೃಷ್ಟಿ ಮಬ್ಬಾಗುವುದು, ಮಾತು ತಪ್ಪುವುದು ಕಾಣುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳ ತಂದೆಯವರಿಗೆ ಹೀಗೆಯೇ ಆಯಿತು. ಫೆಬ್ರುವರಿಯಲ್ಲಿ ಬಂದ ಜ್ವರ ಬಿಟ್ಟು, ಅವರು ತೋಟದ ಕಡೆಗೆ ಓಡಾಡುವಂತಾಗಿದ್ದರು. ಭಾನುವಾರ ಮನೆಗೆ ಹೋಗಿದ್ದ ಮಗಳನ್ನು ಅವರು ಅಕ್ಕನ ಹೆಸರಿನಿಂದ ಕರೆದರು. ಹಿಡಿದ ಕಾಫಿಯ ಲೋಟ ನಡುಗುತ್ತಿತ್ತು. ದಣಿವೆಂದು ಮನೆಯವರು ಎಣಿಸಿದರೂ, “ಅಮ್ಮಾ, ಇದು ಹೊಸ ಜ್ವರವಲ್ಲ, ಅದೇ ಜ್ವರದ ಎರಡನೆಯ ಸುತ್ತು” ಎಂದು ಅವಳು ಹಟ ಹಿಡಿದಳು. ಆ ರಾತ್ರಿಯೇ ನೆರೆಯವರ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಅವರು ಬದುಕಿದರು.

ಎಲ್ಲ ಮನೆಗಳಲ್ಲಿಯೂ ಹೀಗಾಗಲಿಲ್ಲ. ಇನ್ನೊಬ್ಬ ಬಾಲಕಿಯ ತಾಯಿಯವರು ಜ್ವರವಿದ್ದರೂ ಐದು ದಿನ ಕೊಟ್ಟಿಗೆಯ ಕೆಲಸವನ್ನೂ ಅಡಿಗೆಯನ್ನೂ ಮಾಡುತ್ತಲೇ ಇದ್ದರು. ತಾನು ಮಲಗಿದರೆ ಮನೆ ನಡೆಯುವುದು ಹೇಗೆಂಬುದೇ ಅವರ ಚಿಂತೆಯಾಗಿತ್ತು. ಮೂಗಿನಿಂದ ರಕ್ತ ಬಂದ ಮೇಲೆ ಆಸ್ಪತ್ರೆ ಸೇರಿದರು, ತಿರುಗಿ ಬರಲಿಲ್ಲ. ಆ ಬಾಲಕಿ ಅದೇ ವರ್ಷ ಪರೀಕ್ಷೆಗೆ ಕುಳಿತಳು. ಬೆಳಿಗ್ಗೆ ಅವಳ ಬುತ್ತಿ ಕಟ್ಟಿಕೊಡುವವರಿಲ್ಲದೆ ಅವಳ ಗೆಳತಿಯರು ಸರದಿಯಂತೆ ತಮ್ಮ ಡಬ್ಬಿಯಲ್ಲಿ ಎರಡು ಪಾಲು ತರುತ್ತಿದ್ದರು. ಈ ರೋಗ ತಗಲಿದವರಲ್ಲಿ ನೂರಕ್ಕೆ ಮೂರರಿಂದ ಐವರು ತೀರಿಕೊಳ್ಳುತ್ತಾರೆಂದು ಪುಸ್ತಕಗಳಲ್ಲಿ ಓದುತ್ತೇವೆ. ಆ ಅಂಕಿಯನ್ನು ಓದುವಾಗಲೆಲ್ಲ ನಮಗೆ ಆ ಡಬ್ಬಿಗಳು ಕಣ್ಣಿಗೆ ಕಟ್ಟುತ್ತವೆ. ಮನೆಯ ಹೆಂಗಸರ ಜ್ವರವನ್ನು ಮನೆಯವರು ಎರಡನೆಯ ದಿನವೇ ಗಣನೆಗೆ ತೆಗೆದುಕೊಳ್ಳಬೇಕೆಂದು ಗಂಡಸರಾದ ಪೋಷಕರನ್ನು ನಾವು ವಿಶೇಷವಾಗಿ ಪ್ರಾರ್ಥಿಸುತ್ತೇವೆ.

ವೈರಸ್ಸನ್ನು ಕೊಲ್ಲುವ ಪ್ರತ್ಯೇಕವಾದ ಔಷಧಿ ಈ ರೋಗಕ್ಕೆ ಇಲ್ಲ. ಹಾಗೆಂದು ಆಸ್ಪತ್ರೆಯಿಂದ ಪ್ರಯೋಜನವಿಲ್ಲವೆಂದು ಭಾವಿಸಬಾರದು. ದೇಹದಲ್ಲಿ ನೀರಿನಂಶ ಕುಂದದಂತೆ ಕಾಯುವುದು, ರಕ್ತಸ್ರಾವವನ್ನು ಗಮನಿಸುವುದು, ಬೇಕಾದಾಗ ರಕ್ತ ಕೊಡುವುದು, ಇಂಥ ಆರೈಕೆಯಿಂದಲೇ ಬಹುಮಂದಿ ಉಳಿಯುತ್ತಾರೆ. ಮೊದಲ ದಿನಗಳಲ್ಲಿಯೇ ರಕ್ತ ಕೊಟ್ಟರೆ ವೈರಸ್ಸನ್ನು ನೇರವಾಗಿ ಪತ್ತೆಹಚ್ಚುವ ಪರೀಕ್ಷೆಯುಂಟು. ಮೈನೋವಿಗೆಂದು ಅಂಗಡಿಯಿಂದ ಆಸ್ಪಿರಿನ್ ಮೊದಲಾದ ಮಾತ್ರೆಗಳನ್ನು ತಂದು ನುಂಗಕೂಡದು. ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಗುಣವಾದ ಮೇಲೆಯೂ ನಿತ್ರಾಣವು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇರುತ್ತದೆ. ಕಾಯಿಲೆಯಿಂದ ಎದ್ದ ಹುಡುಗಿ ಪುಸ್ತಕದ ಮುಂದೆ ತೂಕಡಿಸಿದರೆ ಅದನ್ನು ಸೋಮಾರಿತನವೆಂದು ಗದರಿಸಬೇಡಿರಿ. ಪರೀಕ್ಷೆ ಬರೆಯಲು ಮತ್ತೊಂದು ಅವಕಾಶ ಇದ್ದೇ ಇದೆ.

ಬಾರದಂತೆ ತಡೆಯುವ ಕ್ರಮಗಳು ಸರಳವಾದವು. ಕಾಡಿಗೆ ಹೋಗುವಾಗ ಕೈಕಾಲು ಪೂರ್ತಿ ಮುಚ್ಚುವ ಉಡುಪು ಧರಿಸಿ, ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲವನ್ನು ಬಟ್ಟೆಯಿಂದ ಮುಚ್ಚದ ಭಾಗಗಳಿಗೆ ಹಚ್ಚಿಕೊಳ್ಳತಕ್ಕದ್ದು. ಹಿಂದಿರುಗಿದೊಡನೆ ಹಂಡೆಯ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ತೊಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು. ಮಂಡಿಯ ಹಿಂದೆ, ಕಂಕುಳಲ್ಲಿ, ಕಿವಿಯ ಹಿಂದೆ, ಕೂದಲ ನಡುವೆ ಉಣುಗುಗಳಿವೆಯೇ ಎಂದು ಒಬ್ಬರಿಗೊಬ್ಬರು ನೋಡಬೇಕು. ಕಚ್ಚಿಕೊಂಡಿದ್ದರೆ ಸಣ್ಣ ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಬೇಕು; ಬೆಂಕಿ ತಾಗಿಸುವುದಾಗಲಿ ಉಗುರಿನಿಂದ ಹಿಚುಕುವುದಾಗಲಿ ಬೇಡ. ಸತ್ತ ಮಂಗವನ್ನು ಕಂಡರೆ ಹತ್ತಿರ ಹೋಗಬಾರದು. ಪ್ರಾಣ ಹೋದ ದೇಹವನ್ನು ಬಿಟ್ಟು ಉಣುಗುಗಳು ಸುತ್ತಲಿನ ನೆಲಕ್ಕೆ ಇಳಿಯುವುದರಿಂದ ಆ ಸ್ಥಳವೇ ಅಪಾಯಕರವಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾಗಲಿ ಅರಣ್ಯ ಇಲಾಖೆಗಾಗಲಿ ಕೂಡಲೇ ತಿಳಿಸಬೇಕು. ಹಿಂದೆ ಹಲವು ವರ್ಷ ಕೊಡುತ್ತಿದ್ದ ಲಸಿಕೆಯು ತಕ್ಕಷ್ಟು ರಕ್ಷಣೆ ನೀಡದೆ ಈಚೆಗೆ ನಿಂತುಹೋಗಿರುವುದರಿಂದ ಈ ಎಚ್ಚರಿಕೆಗಳ ಬೆಲೆ ಮತ್ತಷ್ಟು ಹೆಚ್ಚಿದೆ.

ಅಮೇರಿಕದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಉಣುಗಿನ ಮಾತು ಹೊರತಲ್ಲ. ಅಲ್ಲಿಯ ಈಶಾನ್ಯ ಪ್ರಾಂತಗಳಲ್ಲಿ ಲೈಮ್ ರೋಗವೆಂಬುದುಂಟು. ಇದು ವೈರಸ್ಸಿನಿಂದಲ್ಲ, ಬ್ಯಾಕ್ಟೀರಿಯದಿಂದ ಬರುತ್ತದೆ. ಹೆಚ್ಚಿನವರಲ್ಲಿ, ಕಚ್ಚಿದ ಮೂರರಿಂದ ಮೂವತ್ತು ದಿನಗಳೊಳಗೆ, ದಿನದಿನಕ್ಕೆ ಅಗಲವಾಗುತ್ತ ಹೋಗುವ ಕೆಂಪು ಮಚ್ಚೆ ಕಾಣುತ್ತದೆ. ಅದಕ್ಕೆ ನೋವಾಗಲಿ ನವೆಯಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಜೊತೆಗೆ ಜ್ವರ, ಆಯಾಸ, ತಲೆನೋವು. ಅಲಕ್ಷಿಸಿದರೆ ಮುಂದೆ ಮುಖದ ಒಂದು ಪಾರ್ಶ್ವ ಜೋಲುವುದು, ಮಂಡಿ ಊದುವುದು, ಎದೆಬಡಿತ ಏರುಪೇರಾಗುವುದು. ಇದಕ್ಕೆ ತಕ್ಕ ಆಂಟಿಬಯೋಟಿಕ್ ಔಷಧಿಗಳಿವೆ. 1975ರಲ್ಲಿ ಕನೆಕ್ಟಿಕಟ್ ಪ್ರಾಂತದ ಲೈಮ್ ಎಂಬ ಊರಿನಲ್ಲಿ ಅನೇಕ ಮಕ್ಕಳ ಕೀಲುಗಳು ಊದಿದ್ದನ್ನು ಲೆಕ್ಕವಿಟ್ಟು ಅಧಿಕಾರಿಗಳ ಗಮನಕ್ಕೆ ತಂದವರಲ್ಲಿ ಪಾಲಿ ಮರ್ರೆ ಎಂಬ ತಾಯಿಯೊಬ್ಬರು ಮುಖ್ಯರು. ಅವರು ವೈದ್ಯೆಯಲ್ಲ, ಮನೆಯವರ ನೋವನ್ನು ಗಮನಿಸಿ ಬರೆದಿಟ್ಟ ಗೃಹಿಣಿ.

ಕೊನೆಯದಾಗಿ, ನಮ್ಮ ಮನಸ್ಸಿಗೆ ಅತಿ ಸಮೀಪವಾದ ಮಾತೊಂದಿದೆ. ಮಂಗನ ಕಾಯಿಲೆಯು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದರೂ ಒಂದು ವರ್ಷ, ಮನೆಯಲ್ಲಿ ರೋಗವಾಗಿದ್ದ ಬಾಲಕಿಯನ್ನು ವಸತಿಗೃಹದಿಂದ ಕಳುಹಿಸಬೇಕೆಂದು ಕೆಲವು ಪೋಷಕರು ನಮ್ಮ ಬಳಿಗೆ ಬಂದರು. ಅವರ ಭಯ ಮಕ್ಕಳ ಮೇಲಣ ಪ್ರೀತಿಯಿಂದ ಹುಟ್ಟಿದುದೆಂದು ನಾವು ಅರಿತೆವು. ಅವರನ್ನು ಕೂರಿಸಿ, ರೋಗವು ಬರುವ ಬಗೆಯನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದೆವು. ಆ ಬಾಲಕಿಯ ಹಾಸಿಗೆ ಎಲ್ಲಿತ್ತೋ ಅಲ್ಲಿಯೇ ಉಳಿಯಿತು. ಜನರು ದೂರವಿಡುವರೆಂಬ ಅಂಜಿಕೆಯಿಂದ ಜ್ವರವನ್ನು ಮುಚ್ಚಿಡುವ ಮನೆಗಳಿವೆ. ಹೀಗೆ ಮುಚ್ಚಿಟ್ಟ ಜ್ವರದಲ್ಲಿ ಆಸ್ಪತ್ರೆಗೆ ಹೋಗಬೇಕಾದ ದಿನಗಳೇ ಕಳೆದುಹೋಗುತ್ತವೆ.

ಈ ವ್ಯಾಧಿ ಈಗ ಕ್ಯಾಸನೂರಿನ ಸುತ್ತ ಮಾತ್ರ ಉಳಿದಿಲ್ಲ. 1980ರ ದಶಕದ ಮೊದಲಲ್ಲಿ ಬೆಳ್ತಂಗಡಿಯಲ್ಲಿ, 2012ರ ಹೊತ್ತಿಗೆ ಬಂಡೀಪುರದಲ್ಲಿ, ಅನಂತರ ಕೇರಳ, ಗೋವಾ, ಮಹಾರಾಷ್ಟ್ರಗಳಲ್ಲಿಯೂ ಕಾಣಿಸಿತು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಹಲವರನ್ನು ಕಳೆದುಕೊಂಡೆವು. 2024ರಲ್ಲಿ ಸಿದ್ದಾಪುರದ ಸೀಮೆಯನ್ನು ಕಾಡಿತು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರಿದ್ದೀರಿ, ದಾದಿಯರಿದ್ದೀರಿ, ಆಶಾ ಕಾರ್ಯಕರ್ತೆಯರಿದ್ದೀರಿ, ಹಳ್ಳಿಯ ಮನೆಗಳನ್ನು ನಡೆಸುವ ಗೃಹಿಣಿಯರಿದ್ದೀರಿ. ಡಿಸೆಂಬರ್ ಬರುವ ಮುನ್ನ ಈ ಗುರುತುಗಳನ್ನೂ ಆ ನಾಲ್ಕು ಪ್ರಶ್ನೆಗಳನ್ನೂ ತಮ್ಮ ನೆರೆಯ ಒಂದು ಮನೆಗಾದರೂ ತಿಳಿಸಿಕೊಡಬೇಕೆಂದು ನಮ್ಮ ವಿನಂತಿ. ಈ ಪುಟಗಳನ್ನು ಸಂಚಿಕೆಯಿಂದ ಕತ್ತರಿಸಿ ಅಡಿಗೆಮನೆಯ ಗೋಡೆಗೆ ಅಂಟಿಸಿದರೂ ನಮಗೆ ಸಂತೋಷವೇ ಆಗುವುದು.